ಮಿನಿ ಆಂಟಿಯ ನಾಲ್ಕು ಗರಿಯ ಬಾಣ

ಬುಧವಾರ ಬೆಳಿಗ್ಗೆ, ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ, ಮಿನಿ ಆಂಟಿಯ ಕಾರ್ ಶೆಡ್ಡಿನ ಮೇಜಿನ ಮೇಲೆ ಬಾಣದ ಬಾಲಕ್ಕೆ ಅಂಟಿಸುವ ಮೂರು ಬಗೆಯ ಗರಿಗಳು ಸಾಲಾಗಿ ಕೂತಿದ್ದವು. ಗಂಡ ಮೋಸೆ ಇಪ್ಪತ್ತು ವರ್ಷದಿಂದ ಬಿಡದೆ ಬಳಸುತ್ತಿದ್ದ ಎತ್ತರದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಗರಿ ಒಂದು. ಪಕ್ಕದ ಮನೆಯ ಬಾಲ್ಡೊ ಅಂಕಲ್ ಅಕ್ಕಿ ಚೀಲದಲ್ಲಿ ತುಂಬಿಕೊಂಡು ಬಂದಿದ್ದ ಕಾಡು ಟರ್ಕಿ ಕೋಳಿಯ ನಿಜವಾದ ಗರಿ ಇನ್ನೊಂದು. ಮೂರನೆಯದು ಅವಳೇ ಹೊನೊಲುಲುವಿನಿಂದ ತರಿಸಿಕೊಂಡ ಬಿಳಿ ಪ್ಲಾಸ್ಟಿಕ್ ಗರಿ. ಎತ್ತರ ಕಮ್ಮಿ, ಉದ್ದ ಜಾಸ್ತಿ, ನೋಡಿದರೆ ಬಾಣಕ್ಕೆ ಸಾಲದೇನೋ ಅನ್ನಿಸುವಂಥದ್ದು. ಶನಿವಾರ ಮೊಮ್ಮಗನಿಗೆ ಒಂದು ವರ್ಷ ತುಂಬುತ್ತಿತ್ತು. ಇನ್ನೂರು ಜನಕ್ಕೆ ಊಟ. ಆ ಊಟದ ಜಿಂಕೆ ಇನ್ನೂ ಗುಡ್ಡದ ಮೇಲೆ ಆರಾಮಾಗಿ ಹುಲ್ಲು ಮೇಯುತ್ತಿತ್ತು.

ಆ ಮನೆಯಲ್ಲಿ ಒಂದು ಪದ್ಧತಿ. ಮಗುವಿನ ಮೊದಲ ವರ್ಷದ ಊಟಕ್ಕೆ ಹಂದಿಯನ್ನು ನೆಂಟರು ತರಬಹುದು, ಮೀನನ್ನು ಗೆಳೆಯರು ತರಬಹುದು, ಜಿಂಕೆ ಮಾತ್ರ ಮನೆಯವರ ಕೈಯಿಂದಲೇ ಬೀಳಬೇಕು. ಮೋಸೆಯ ಅಜ್ಜ ಹೊಡೆದಿದ್ದ, ಅಪ್ಪ ಹೊಡೆದಿದ್ದ, ಮೋಸೆ ತನ್ನ ಮೂರು ಮಕ್ಕಳ ಊಟಕ್ಕೂ ಹೊಡೆದಿದ್ದ. ಆದರೆ ಈ ಮೋಸೆ ಹದಿನೈದು ದಿನದ ಹಿಂದೆ ಶೆಡ್ಡಿನ ತಗಡು ಸರಿಮಾಡಲು ಹತ್ತಿ, ಜಾರಿ, ಬಲಭುಜ ಮುರಿದುಕೊಂಡು ಕೈಯನ್ನು ಜೋಲಿಗೆ ಹಾಕಿಕೊಂಡು ಕೂತಿದ್ದ. ಅಳಿಯನಿಗೆ ಮಾವಿ ದ್ವೀಪದಲ್ಲಿ ಕೆಲಸ. ಶನಿವಾರ ಬೆಳಗಿನ ವಿಮಾನಕ್ಕೇ ಅವನು ಬರುವುದು. ಮಕ್ಕಳಲ್ಲಿ ಬಿಲ್ಲು ಹಿಡಿದವರಿಲ್ಲ. ಉಳಿದವಳು ಮಿನಿ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಅನ್ನ ಬೇಯಿಸಿದವಳು, ಐವತ್ತಮೂರು ವರ್ಷದವಳು, ಇವತ್ತಿನವರೆಗೆ ಒಂದೇ ಒಂದು ಜಿಂಕೆ ಹೊಡೆಯದವಳು.

"ಅಷ್ಟು ಯೋಚ್ನೆ ಏನೇ? ನನ್ ಕಿತ್ತಳೆ ಗರಿ ಅಂಟ್ಸು, ಹೋಗು, ಹೊಡಿ, ಬಾ," ಅಂದ ಮೋಸೆ, ಮಡಿಚುವ ಕುರ್ಚಿಯಲ್ಲಿ ಕೂತಲ್ಲಿಂದಲೇ.

"ನಿನ್ ಕಿತ್ತಳೆ ಗರಿ ಕೂಗುತ್ತೆ ಮೋಸೆ."

"ಕೂಗ್ಲಿ ಬಿಡು. ಅದು ಕೂಗೋ ಹೊತ್ಗೆ ಜಿಂಕೆ ಬಿದ್ದಿರುತ್ತೆ."

"ನಿನ್ ಬಿಲ್ಲಿನ ಎಳೆತ ಎಪ್ಪತ್ತು ಪೌಂಡು. ನಂದು ನಲವತ್ತೈದು. ನನ್ ಬಾಣ ಹೋಗಿ ಸೇರೋ ಹೊತ್ಗೆ ಜಿಂಕೆ ಕಾಫಿ ಕುಡ್ದು ಲೋಟ ತೊಳ್ದಿಟ್ಟಿರುತ್ತೆ."

ಬಾಲ್ಡೊ ಅಂಕಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮೋಸೆಗೂ ನಗು ಬಂತು, ನಕ್ಕ, ಭುಜ ನೋಯಿತು, ಬೈದ.

ಆದರೆ ಮಿನಿ ಹೇಳಿದ್ದು ತಮಾಷೆಗಲ್ಲ. ಎರಡು ವರ್ಷದ ಹಿಂದೆ ಅವಳು ತನಗೆಂದೇ ಒಂದು ಗಾಲಿ ಬಿಲ್ಲು ಕೊಂಡಿದ್ದಳು. ಎರಡು ತುದಿಗೂ ಗಾಲಿ ಇರುವ, ಎಳೆಯುವಾಗ ಭಾರ, ಎಳೆದು ಹಿಡಿದ ಮೇಲೆ ಹಗುರ ಆಗುವಂಥ ಬಿಲ್ಲು. ಪರವಾನಗಿಯ ಪರೀಕ್ಷೆಯನ್ನೂ ಪಾಸು ಮಾಡಿದ್ದಳು. ನಾಲ್ಕು ಸಲ ಬೇಟೆಗೆ ಹೋಗಿದ್ದಳು, ನಾಲ್ಕು ಸಲವೂ ಬಾಣ ಬಿಟ್ಟಿದ್ದಳು. ನಾಲ್ಕು ಸಲವೂ ಆದದ್ದು ಒಂದೇ. ಬಿಲ್ಲು ಟಕ್ ಅಂದಾಗ ಜಿಂಕೆ ತಲೆ ಎತ್ತುತ್ತಿತ್ತು. ಬಾಣ ಹತ್ತಿರ ಬರುತ್ತಿದ್ದ ಹಾಗೆ ಮಂಡಿ ಮಡಿಚಿ ನೆಲಕ್ಕೆ ಕುಸಿಯುತ್ತಿತ್ತು. ಬಾಣ ಬೆನ್ನಿನ ಮೇಲಿನ ಗಾಳಿಯಲ್ಲಿ ಹಾದುಹೋಗುತ್ತಿತ್ತು. ಮೊಲೊಕಾಯಿಯ ಚುಕ್ಕೆ ಜಿಂಕೆಗಳ ಕಿವಿಯೇ ಹಾಗೆ. ಯಾವ ಕಾಲದಲ್ಲೋ ಯಾವನೋ ರಾಜನಿಗೆ ಉಡುಗೊರೆಯಾಗಿ ಹಡಗಿನಲ್ಲಿ ಬಂದ ಪ್ರಾಣಿಗಳು; ಅವುಗಳ ಹಳೆಯ ಊರಿನಲ್ಲಿ ಹುಲಿ ಇತ್ತಂತೆ. ಹುಲಿಯಿಲ್ಲದ ದ್ವೀಪಕ್ಕೆ ಬಂದು ಇಷ್ಟು ಕಾಲವಾದರೂ ಆ ಕಿವಿ ನಿದ್ದೆ ಹೋಗಿಲ್ಲ.

"ಅದಕ್ಕೇ ಹೇಳೋದು, ದೇವರು ಹಾರೋಕೆ ಅಂತ ಮಾಡಿದ ಗರಿ ಅಂಟ್ಸು ಅಂತ," ಬಾಲ್ಡೊ ಚೀಲವನ್ನು ಮೇಜಿಗೆ ಸುರಿದ. "ಪ್ಲಾಸ್ಟಿಕ್ಕಿಗೆ ಹಾರೋದು ಯಾರು ಕಲಿಸಿದ್ರು?"

ಮಿನಿ ಒಂದೊಂದೇ ಗರಿ ಎತ್ತಿ ನೋಡಿ ಬಲಕ್ಕೆ ಒಂದು ರಾಶಿ, ಎಡಕ್ಕೆ ಒಂದು ರಾಶಿ ಮಾಡಿದಳು.

"ಏನು ಮಾಡ್ತಿದೀಯಮ್ಮ?"

"ಎಡ ರೆಕ್ಕೆಯವನ್ನೂ ಬಲ ರೆಕ್ಕೆಯವನ್ನೂ ಬೆರಕೆ ಮಾಡ್ಕೊಂಡು ತಂದಿದೀರಲ್ಲ ಅಂಕಲ್. ಒಂದೇ ಬಾಣಕ್ಕೆ ಎರಡನ್ನೂ ಅಂಟಿಸಿದ್ರೆ ಒಂದು ಆಕಡೆ ತಿರುಗು ಅನ್ನುತ್ತೆ, ಇನ್ನೊಂದು ಈಕಡೆ ತಿರುಗು ಅನ್ನುತ್ತೆ. ನಿಮ್ಮ ಬಾಣ ಯಾಕೆ ಹಂಗೆ ಹೋಗುತ್ತೆ ಅಂತ ಈಗ ಗೊತ್ತಾಯ್ತು."

"ಹೆಂಗೆ ಹೋಗುತ್ತೆ?"

"ಕುಡಿದವರು ಮನೆಗೆ ಹೋದ ಹಂಗೆ," ಅಂದ ಮೋಸೆ.

ಗರಿಯ ವಿದ್ಯೆ ಅವಳಿಗೆ ಬಿಲ್ಲಿನಿಂದ ಬಂದದ್ದಲ್ಲ, ಅತ್ತೆಯಿಂದ ಬಂದದ್ದು. ಮಿನಿಯ ಅಪ್ಪ ಫಿಲಿಪೀನ್ಸಿನ ಇಲೋಕೋಸಿನಿಂದ ಅನಾನಸ್ ತೋಟದ ಕೂಲಿಗೆ ಬಂದವನು. ಮದುವೆಯಾಗಿ ಹೋಲೆಹುವಾ ಊರಿನ ಈ ಮನೆಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಮೋಸೆಯ ತಾಯಿಯನ್ನು ಊರೆಲ್ಲ ಟೂಟೂ ಅನೇಲಾ ಅನ್ನುತ್ತಿದ್ದರು; ಟೂಟೂ ಅಂದರೆ ಅಜ್ಜಿ. ಫೆಸೆಂಟ್ ಹಕ್ಕಿಯ ಗರಿಗಳನ್ನು ಒಂದರ ಮೇಲೊಂದು ಕೂರಿಸಿ ಟೋಪಿಗೆ ಕಟ್ಟುವ ಪಟ್ಟಿ ಹೊಲಿಯುವುದರಲ್ಲಿ ಟೂಟೂವಿನದು ಎತ್ತಿದ ಕೈ. ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ವರ್ಷ ಅವಳು ಬರೀ ಗರಿ ಆರಿಸುವುದನ್ನು ಕಲಿಸಿದಳು. ಯಾವುದು ಎಡ, ಯಾವುದು ಬಲ, ಯಾವುದರ ಬೆನ್ನು ಬಾಗಿದೆ, ಯಾವುದು ತೇವ ಕುಡಿದಿದೆ. ಹೊಲಿಗೆ ಮೂರನೆಯ ವರ್ಷದ್ದು.

ಮುಂದೆ ಮೋಸೆ ಗಾಲಿ ಬಿಲ್ಲು ಕೊಂಡಾಗ ಅಂಗಡಿಯವರು ಅಂಟಿಸಿಕೊಟ್ಟ ಗರಿಗಳು ತಿಂಗಳೊಳಗೆ ಉದುರಿದವು. ಒಂದು ಭಾನುವಾರ ಮಿನಿ ಬೇಜಾರಾಗಿ ತಾನೇ ಕೂತು ಅಂಟಿಸಿದಳು. ಅವು ಇನ್ನೂ ಉದುರಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಹೋಲೆಹುವಾದ ಬೇಟೆಗಾರರ ಬಾಣಗಳೆಲ್ಲ ಇದೇ ಮೇಜಿಗೆ ಬರುತ್ತಿದ್ದವು. ಅಂಟು ಹಿಡಿಯುವ ಹೊತ್ತನ್ನು ಅವಳು ಗಡಿಯಾರದಲ್ಲಿ ನೋಡುತ್ತಿರಲಿಲ್ಲ. ಗರಿಯನ್ನು ಅಚ್ಚಿನ ಹಿಡಿಕೆಯಲ್ಲಿ ಕಚ್ಚಿಸಿ, ತಳಕ್ಕೆ ಎಳೆಯಷ್ಟು ಅಂಟು ಎಳೆದು, ಬಾಣದ ಕಡ್ಡಿಗೆ ಒತ್ತಿ, ಪ್ರಭುವಿನ ಪ್ರಾರ್ಥನೆಯನ್ನು ನಿಧಾನವಾಗಿ ಒಂದು ಸಲ ಹೇಳಿಕೊಳ್ಳುವಳು. ಆಮೆನ್ ಅಂದಾಗ ಹಿಡಿಕೆ ಬಿಡುವುದು. ಒಂದು ಗರಿಗೆ ಒಂದು ಪ್ರಾರ್ಥನೆ.

"ನಮ್ ಪಾದ್ರಿಗಿಂತ ಇವಳ ಬಾಣಗಳೇ ಜಾಸ್ತಿ ಪ್ರಾರ್ಥನೆ ಕೇಳಿವೆ," ಅನ್ನುವುದು ಮೋಸೆಯ ಹಳೆಯ ಮಾತು.

ಅವಳ ಇನ್ನೊಂದು ಅಭ್ಯಾಸ ಊರಿಗೆಲ್ಲ ನಗೆಯ ವಿಷಯ. ಹಿತ್ತಲಿನಲ್ಲಿ ಗುರಿಯ ಹಲಗೆಗೂ ಬಿಲ್ಲುಗಾರನಿಗೂ ನಡುವೆ, ಬಾಣದ ದಾರಿಯ ಪಕ್ಕಕ್ಕೆ, ಒಂದು ಹಳೆಯ ಕಬ್ಬಿಣದ ಅನಾನಸ್ ಗಾಡಿ ತುಕ್ಕು ಹಿಡಿದು ನಿಂತಿತ್ತು. ಯಾರಾದರೂ ಬಾಣ ಬಿಡುವಾಗ ಮಿನಿ ಆ ಗಾಡಿಯ ಮರೆಯಲ್ಲಿ ಕಣ್ಣು ಮುಚ್ಚಿ ಕೂರುವಳು. ಬಾಣ ಆಚೆ ಬದಿಯಲ್ಲಿ ಹಾದುಹೋಗುವ ಸದ್ದು ಕೇಳುವಳು. ಜಿಂಕೆ ಕೇಳುವುದನ್ನು ತಾನೂ ಕೇಳಬೇಕು ಅನ್ನುವುದು ಅವಳ ಲೆಕ್ಕ. ಅವಳು ಎದ್ದು ಬಂದಾಗ ಮೋಸೆ ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಬಾಣ ಏನಂತು?"

ಆ ಬುಧವಾರ ಮೂರು ಬಗೆಯ ಗರಿಗಳನ್ನೂ ಮೂರು ಕಡ್ಡಿಗೆ, ಕಡ್ಡಿಗೆ ಮೂರರಂತೆ, ಅವಸರದಲ್ಲಿ ಅಂಟಿಸಿ ಅವಳು ಗಾಡಿಯ ಹಿಂದೆ ಕೂತಳು. ಬಾಲ್ಡೊ ಅಂಕಲ್ ಅವಳಷ್ಟೇ ಕುಳ್ಳ. ಅವಳ ಬಿಲ್ಲು ಅವನ ಕೈಗೆ ಸರಿಹೋಗುತ್ತಿತ್ತು. ಬೇಟೆಯ ಅಲಗನ್ನೇ ತುದಿಗೆ ಸಿಕ್ಕಿಸಿ ಅವನು ಬಿಟ್ಟ.

ಮೊದಲು ಕಿತ್ತಳೆ. ಒದ್ದೆ ಬಟ್ಟೆ ಕೊಡವಿದ ಹಾಗೆ ಫಟ್ ಅಂತ ಶುರುವಾಗಿ ಸುಯ್ ಅಂತ ಹೋಯಿತು.

ಆಮೇಲೆ ಟರ್ಕಿ ಗರಿ. ಬುಸ್ಸೆಂದು, ಕೋಳಿ ಮೈ ಕೊಡವಿದ ಹಾಗೆ, ಇಡೀ ಹಿತ್ತಲು ತಿರುಗಿ ನೋಡುವ ಹಾಗೆ.

"ಏನಂತು?" ಬಾಲ್ಡೊ ಆಸೆಯಿಂದ ಕೂಗಿದ.

"ನಾನು ಬಾಲ್ಡೊ ಅಂಕಲ್ ಬರ್ತಿದೀನಿ, ಎಲ್ಲರೂ ಓಡಿ ಅಂತು."

ಮೂರನೆಯದು ಬಿಳಿಯ ಗಿಡ್ಡ ಗರಿ. ಯಾರೋ ಪಕ್ಕದ ಕೋಣೆಯಲ್ಲಿ ಉಸಿರು ಬಿಟ್ಟ ಹಾಗೆ ಹೋಯಿತು. ಮಿನಿ ಎದ್ದು ಗುರಿಯ ಹಲಗೆಗೆ ಓಡಿದಳು. ಓಡಿದವಳು ಅಲ್ಲಿ ನಿಂತೇಬಿಟ್ಟಳು. ಬಾಣ ಗುರಿಗಿಂತ ಒಂದು ಗೇಣು ಬಲಕ್ಕೆ ನಾಟಿತ್ತು. ಇನ್ನೊಂದು ಸಲ ಬಿಟ್ಟರು. ಈ ಸಲ ಒಂದು ಗೇಣು ಮೇಲೆ.

"ಮುಂದಿನ ಅಲಗೂ ಒಂದು ರೆಕ್ಕೆಯೇ ಕಣೇ," ಮೋಸೆ ಕುರ್ಚಿಯಿಂದ ಎದ್ದು ಬಂದಿದ್ದ. ಗರಿಯ ವಿಷಯದಲ್ಲಿ ಅವನು ಎಷ್ಟೇ ಗೇಲಿ ಮಾಡಲಿ, ಬಾಣ ತಪ್ಪಿದಾಗ ಗೇಲಿ ಮಾಡುವವನಲ್ಲ. "ಹಿಂದಿನ ರೆಕ್ಕೆ ಸಣ್ಣದಾದ್ರೆ ಮುಂದಿಂದು ಎಳ್ಕೊಂಡು ಹೋಗುತ್ತೆ. ಮೂರು ಗಿಡ್ಡ ಗರಿ ಸಾಲ್ದು."

"ಹಂಗಾದ್ರೆ ನಾಲ್ಕು."

"ನಾಲ್ಕು ಯಾರು ಅಂಟಿಸ್ತಾರೆ?"

"ನಾನು."

ಅವಳು ಗರಿಯೇ ಇಲ್ಲದ ಬರಿಯ ಕಡ್ಡಿಯ ಹಿಂತುದಿಗೆ ಶಾಯಿಯ ಗುರುತು ಹಾಕಿ, ತೀರ ಹತ್ತಿರದಿಂದ ಹಲಗೆಗೆ ಬಿಟ್ಟು ನೋಡಿದಳು. ಗುರುತು ಎಡಕ್ಕೆ ಹೊರಳಿತ್ತು. ಅವಳ ಬಿಲ್ಲಿನ ಹೆದೆ ಬಾಣವನ್ನು ಎಡಕ್ಕೇ ತಿರುಗಿಸಿ ಕಳಿಸುತ್ತದೆ ಅಂದ ಮೇಲೆ ಗರಿಯನ್ನೂ ಎಡಕ್ಕೇ ಓರೆ ಮಾಡಿ ಕೂರಿಸಬೇಕು, ಕೂದಲೆಳೆಯಷ್ಟು. ನಾಲ್ಕು ಗರಿ ಅಂಟಿಸಿದಳು. ಬಾಲ್ಡೊ ಬಿಟ್ಟ. ಗಾಡಿಯ ಹಿಂದೆ ಅದೇ ಉಸಿರು. ಹಲಗೆಯ ಮೇಲೆ ಬಾಣ ಗುರಿಯ ನಡುವೆ ಕೂತಿತ್ತು! ಇನ್ನೊಂದು ಸಲ. ಮತ್ತೆ ನಡುವೆ! ಮಿನಿ ಬಿಲ್ಲು ಕಿತ್ತುಕೊಂಡು ತಾನೇ ಮೂರು ಸಲ ಬಿಟ್ಟಳು. ಮೂರೂ ಒಂದು ಅಂಗೈಯೊಳಗೆ. ಐವತ್ತಮೂರರ ಹೆಂಗಸು ಹಿತ್ತಲಿನಲ್ಲಿ ಕುಣಿದದ್ದನ್ನು ನೋಡಿ ಟೂಟೂ ಅನೇಲಾ ಕಿಟಕಿಯಿಂದ ಕೇಳಿದಳು: "ಏನಾಯ್ತು? ಜಿಂಕೆ ಮನೆಗೇ ಬಂತಾ?"

"ಇನ್ನೂ ಇಲ್ಲ ಟೂಟೂ. ಹೊರಟಿದೆ!"

ಗುರುವಾರ ಬೆಳಿಗ್ಗೆ ಅವಳು ಪರೀಕ್ಷೆಗೆಂದು ಅಂಟಿಸಿದ್ದನ್ನೆಲ್ಲ ಚಾಕುವಿನಿಂದ ಕೆರೆದು ತೆಗೆದಳು. ಬೇಟೆಯ ಆರು ಬಾಣಗಳೂ ಮೊದಲಿನಿಂದಲೇ, ಒಂದೇ ಕೈಯಲ್ಲಿ, ಒಂದೇ ದಿನ ಆಗಬೇಕು. ಕಡ್ಡಿಗಳನ್ನು ಸ್ಪಿರಿಟ್ಟಿನಿಂದ ಎರಡು ಸಲ ಒರೆಸಿ, ಬೆರಳು ತಾಗದ ಹಾಗೆ ಹಲಗೆಯ ತೂತುಗಳಲ್ಲಿ ನಿಲ್ಲಿಸಿ, ಬಿಳಿ ಗರಿಗಳನ್ನು ತರಲು ಒಳಗೆ ಹೋದಳು. ಅಷ್ಟರಲ್ಲಿ ಮಗಳು ಪಿಲಿ ಕರೆದಳು. ಮಗುವಿನ ಹುಟ್ಟುಹಬ್ಬದ ಕಿರೀಟ ದೊಡ್ಡದಾಗಿದೆ, ಕಿವಿ ಮುಚ್ಚುತ್ತದೆ, ಏನು ಮಾಡಲಿ ಅಂತ. ಕಿರೀಟ ಸರಿಮಾಡಿ ಮಿನಿ ಹೊರಗೆ ಬರುವಾಗ ಕಾಲು ಗಂಟೆ ಆಗಿತ್ತು. ಕಡ್ಡಿಗಳು ಗಾಳಿಯಲ್ಲಿ ಒಣಗಿ ನಿಂತಿದ್ದವು. ಅವಳು ಕೂತಳು. ಆರು ಬಾಣ, ಇಪ್ಪತ್ತನಾಲ್ಕು ಗರಿ, ಇಪ್ಪತ್ತನಾಲ್ಕು ಪ್ರಾರ್ಥನೆ. ಊಟದ ಹೊತ್ತಿಗೆ ಆರೂ ಬಾಣಗಳು ಬಿಳಿಯ ರೆಕ್ಕೆ ಬಿಚ್ಚಿಕೊಂಡು ನಿಂತಿದ್ದವು. ಬಾಲ್ಡೊ ಬಂದು ನೋಡಿ ಶಿಳ್ಳೆ ಹಾಕಿದ.

ಮಧ್ಯಾಹ್ನ ಅಭ್ಯಾಸ. ಮೊದಲ ಬಾಣ ನಡುವೆ. ಎರಡನೆಯದು ನಡುವೆ. ಮೂರನೆಯದು ಹೋಗುವಾಗ ಮಿನಿ ಬಿಲ್ಲನ್ನು ಕೆಳಗಿಳಿಸಿದಳು.

"ಏನೋ ತಟತಟ ಅಂತು."

"ನಂಗೇನೂ ಕೇಳಿಸ್ಲಿಲ್ಲ," ಅಂದ ಬಾಲ್ಡೊ.

"ನಿಮ್ಗೆ ನಿಮ್ ಹೆಂಡ್ತಿ ಕೂಗಿದ್ದೇ ಕೇಳ್ಸಲ್ಲ ಅಂಕಲ್. ತಟತಟ ಅಂತು."

ಹಲಗೆಯ ಹತ್ತಿರ ಹೋಗಿ ನೋಡಿದರೆ ಒಂದು ಗರಿಯ ಮುಂದಿನ ತುದಿ ಎದ್ದಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಇಡೀ ಗರಿ ಕೈಗೆ ಬಂತು. ಪಕ್ಕದ್ದನ್ನು ಒತ್ತಿದಳು; ಅದೂ ಬಂತು. ಇಪ್ಪತ್ತು ವರ್ಷದಲ್ಲಿ ಅವಳ ಕೈಯಿಂದ ಹೋದ ಒಂದು ಗರಿಯೂ ಹೀಗೆ ಎದ್ದಿರಲಿಲ್ಲ. ಶೆಡ್ಡಿಗೆ ಓಡಿ ಉಳಿದ ಮೂರನ್ನೂ ನೋಡಿದಳು. ಕೆಲವು ಎದ್ದಿದ್ದವು, ಕೆಲವು ಹಲ್ಲು ಕಚ್ಚಿಕೊಂಡು ಹಿಡಿದಿದ್ದವು. ಯಾವುದನ್ನೂ ನಂಬುವ ಹಾಗಿರಲಿಲ್ಲ. ಅಂಟು ಹೊಸದು. ಸ್ಪಿರಿಟ್ಟು ಹೊಸದು. ಬೆರಳು ತಾಗಿಲ್ಲ. ಹಾಗಾದರೆ?

ಗರಿ ಎದ್ದ ಜಾಗದಲ್ಲಿ ಕಡ್ಡಿಯ ಕಪ್ಪು ಮೈಮೇಲೆ ತೆಳ್ಳಗೆ ಬೂದಿಯಂಥ ಬಿಳುಪು ಇತ್ತು. ಮಿನಿ ಬೆರಳಿನಿಂದ ಒರೆಸಿ ನಾಲಿಗೆಗೆ ಇಟ್ಟುಕೊಂಡಳು.

"ಉಪ್ಪು!"

"ಏನು?"

"ಉಪ್ಪು ಮೋಸೆ! ಬಾಣದ ಮೇಲೆ ಉಪ್ಪು!"

ಮೂವರೂ ಒಟ್ಟಿಗೆ ತಿರುಗಿ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಎಂಬತ್ತನಾಲ್ಕರ ಟೂಟೂ ಅನೇಲಾ ಊರುಗೋಲು ಹಿಡಿದು ನಿಂತಿದ್ದಳು. ಬೇಟೆಗೆ ಹೊರಟ ಬಿಲ್ಲು ಬಾಣಕ್ಕೆ ಕೆಂಪು ಉಪ್ಪು ಕದಡಿದ ನೀರನ್ನು ಕೀ ಅನ್ನುವ ಪವಿತ್ರ ಗಿಡದ ಎಲೆಯಿಂದ ಚಿಮುಕಿಸಿ ಹರಸುವುದು ಆ ಮನೆಯಲ್ಲಿ ಅವಳ ಕೆಲಸ. ಅವಳ ಅಜ್ಜಿ ಮಾಡುತ್ತಿದ್ದ ಕೆಲಸ. ಅರುವತ್ತು ವರ್ಷದಿಂದ ಒಂದು ಬೇಟೆಗೂ ಅವಳು ತಪ್ಪಿಸಿದ್ದಿಲ್ಲ. ಆದರೆ ಇಷ್ಟು ವರ್ಷವೂ ಅವಳ ಮುಂದೆ ಬಂದದ್ದು ಪೂರ್ತಿಯಾದ ಬಾಣಗಳು.

"ಸಾಲಾಗಿ ನಿಲ್ಸಿದ್ದೆಯಲ್ಲಮ್ಮ," ಅಂದಳು ಟೂಟೂ. "ನಂಗೇ ಅಂತ ನಿಲ್ಸಿದೀಯ ಅನ್ಕೊಂಡೆ. ಮಗುವಿನ ಊಟದ ಬೇಟೆ ಈ ಸಲ ನಿಂದು. ಅದಕ್ಕೇ ಎಲೆಯಲ್ಲಿ ಚಿಮುಕಿಸಿದ್ದು ಸಾಲ್ದು ಅಂತ... ಕೈಯಿಂದಾನೂ ಸವರ್ದೆ."

"ಚೆನ್ನಾಗಿ ಸವರಿದ್ಯಾ ಅಮ್ಮ?" ಮೋಸೆ ಕೇಳಿದ.

"ಚೆನ್ನಾಗಿ ಸವರ್ದೆ."

ಮೋಸೆಗೆ ನಗು ತಡೆಯಲಾಗಲಿಲ್ಲ. ನಗುತ್ತಾ ಅಯ್ಯೋ ಅಮ್ಮಾ ಭುಜ ಅನ್ನುತ್ತಾ ಕುರ್ಚಿ ಹಿಡಿದುಕೊಂಡ. ಬಾಲ್ಡೊ ಟೋಪಿಯನ್ನು ಮುಖಕ್ಕೆ ಮುಚ್ಚಿಕೊಂಡ. ಟೂಟೂ ಮಾತ್ರ ನಗಲಿಲ್ಲ. ಅವಳ ಕಣ್ಣು ಸೊಸೆಯ ಕೈಯಲ್ಲಿದ್ದ ಬಿಡಿ ಗರಿಯ ಮೇಲೇ ಇತ್ತು.

"ನಾನು ಕೆಡಿಸ್ಬಿಟ್ನಾ?"

ಮಿನಿ ಟೂಟೂವಿನ ಕೈ ಹಿಡಿದುಕೊಂಡಳು. ಗರಿ ಮುಟ್ಟುವುದನ್ನು ಕಲಿಸಿದ್ದೇ ಈ ಕೈ. "ಇಲ್ಲ ಟೂಟೂ. ಆಶೀರ್ವಾದ ಬಾಣಕ್ಕಿಂತ ಮುಂಚೆ ಬಂದ್ಬಿಡ್ತು, ಅಷ್ಟೇ. ಬಾಣ ಈಗ ಮಾಡ್ತೀನಿ."

ಮಾಡುವುದೇನೋ ಸರಿ, ಗರಿ ಎಲ್ಲಿದೆ? ಎದ್ದು ಬಂದ ಗರಿಗಳ ತಳದಲ್ಲಿ ಬೆಳಗಿನ ಅಂಟು ಗಂಟುಗಂಟಾಗಿ ಗಟ್ಟಿಯಾಗಿತ್ತು; ಕೆರೆದರೆ ತಳ ಹರಿಯುತ್ತಿತ್ತು. ಡಬ್ಬಿಯಲ್ಲಿ ಹೊಸ ಬಿಳಿ ಗರಿ ಉಳಿದದ್ದು ಐದು. ಸರಕಿನ ದೋಣಿ ಬರುವುದು ಸೋಮವಾರ.

"ಐದು ಅಂದ್ರೆ ಒಂದು ಬಾಣ," ಅಂದ ಬಾಲ್ಡೊ. "ಮಿನಿ, ನಾನು ಹೊಡ್ದು ಕೊಡ್ತೀನಿ. ಯಾರಿಗೂ ಹೇಳಲ್ಲ."

"ನಮಗೇ ಗೊತ್ತಿರುತ್ತಲ್ಲ ಅಂಕಲ್."

"ಉಳಿದ ಐದಕ್ಕೆ ನನ್ ಕಿತ್ತಳೆ ಹಾಕು," ಮೋಸೆ ಈಗ ನಗುವುದನ್ನು ಬಿಟ್ಟಿದ್ದ. "ಒಂದು ತಪ್ಪಿದ್ರೆ ಇನ್ನೊಂದು ಇರುತ್ತೆ."

"ಬತ್ತಳಿಕೆಯಲ್ಲಿ ಎರಡು ಥರ ಬಾಣ ಇದ್ರೆ ನನ್ ಮನಸ್ಸೂ ಎರಡು ಥರ ಆಗುತ್ತೆ ಮೋಸೆ. ಒಂದು ಸಾಕು."

  

ಅವಳು ಆರರಲ್ಲಿ ಅತಿ ನೆಟ್ಟಗಿನ ಕಡ್ಡಿಯನ್ನು ಆರಿಸಿ, ಸಿಹಿ ನೀರಲ್ಲಿ ತೊಳೆದು, ಒರೆಸಿ, ಸ್ಪಿರಿಟ್ಟಿನಿಂದ ಮೂರು ಸಲ ಒರೆಸಿದಳು. ಟೂಟೂ ಎದುರಿಗೆ ಬೆಂಚಿನ ಮೇಲೆ ಕೂತಳು, ಮಡಿಲಲ್ಲಿ ಉಪ್ಪು ನೀರಿನ ಬಟ್ಟಲು. ಮಿನಿ ಮೊದಲ ಗರಿಯನ್ನು ಹಿಡಿಕೆಗೆ ಕಚ್ಚಿಸಿ ಒತ್ತಿದಳು. ಪ್ರಾರ್ಥನೆ ಮುಗಿಯಿತು.

"ಈಗ?" ಅಂದಳು ಟೂಟೂ.

"ಇನ್ನೂ ಇಲ್ಲ ಟೂಟೂ."

ಎರಡನೆಯದು.

"ಈಗ?"

"ಇನ್ನೂ ಎರಡಿವೆ."

ಮೂರನೆಯದಕ್ಕೆ ಟೂಟೂ ತಾನೂ ಜೊತೆಗೆ ದನಿಗೂಡಿಸಿದಳು, ತನ್ನ ಹವಾಯಿ ಮಾತಿನಲ್ಲಿ. ಅವಳ ಪ್ರಾರ್ಥನೆ ಸೊಸೆಯದಕ್ಕಿಂತ ನಿಧಾನ; ಹಾಗಾಗಿ ಆ ಗರಿಗೂ ಮುಂದಿನದಕ್ಕೂ ಒಂದಿಷ್ಟು ಜಾಸ್ತಿ ಹೊತ್ತು ಸಿಕ್ಕಿತು. ನಾಲ್ಕೂ ಗರಿಗಳ ಹಿಂದು ಮುಂದಿನ ತುದಿಗೆ ಒಂದೊಂದು ಹನಿ ಅಂಟು ಇಟ್ಟು, ಅದು ಗಾಜಿನಂತೆ ಗಟ್ಟಿಯಾಗುವವರೆಗೆ ಕಾದು, ಸಂಜೆಯ ಬಿಸಿಲು ಶೆಡ್ಡಿನೊಳಗೆ ಓರೆಯಾಗಿ ಬಿದ್ದಾಗ ಮಿನಿ ಬಾಣವನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

"ಈಗ ಟೂಟೂ."

ಟೂಟೂ ಎಲೆಯನ್ನು ಅದ್ದಿ ಮೂರೇ ಮೂರು ಹನಿ ಚಿಮುಕಿಸಿದಳು. ಸವರಲು ಹೋದ ಕೈಯನ್ನು ತಾನೇ ಹಿಂದಕ್ಕೆಳೆದುಕೊಂಡಳು.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಮಿನಿಯೂ ಬಾಲ್ಡೊ ಅಂಕಲ್ಲೂ ಮೌನಲೋವಾ ಊರಿನ ಕಡೆಯ ಗುಡ್ಡದ ಓರೆಯಲ್ಲಿ ಒಂದು ಕಿಯಾವೆ ಮರದ ಮುಳ್ಳು ನೆರಳಿನಲ್ಲಿ ಕೂತಿದ್ದರು. ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಅಂದರೆ ಅವರ ವಾಸನೆ ಹಿಂದಕ್ಕೆ ಹೋಗುತ್ತಿತ್ತು. ಒಂದು ಗಂಟೆ ಏನೂ ಇಲ್ಲ. ಇನ್ನೊಂದು ಗಂಟೆ ಏನೂ ಇಲ್ಲ. ಬಾಲ್ಡೊ ಜೇಬಿನಿಂದ ಅನ್ನದುಂಡೆ ತೆಗೆದು ಅರ್ಧ ಕೊಟ್ಟ. ಅವಳು ಬೇಡ ಅಂದಳು. ಇಡೀ ಉಂಡೆಯನ್ನೂ ತಾನೇ ಬಾಯಿಗೆ ಹಾಕಿಕೊಂಡ ಅವನ ಕೆನ್ನೆ ಹಾಗೇ ನಿಂತುಹೋಯಿತು. ಕಣ್ಣಿನಲ್ಲೇ ತೋರಿಸಿದ.

ಜಿಂಕೆಗಳು! ಕೆಂಪು ಮಣ್ಣಿನ ಕೊರಕಲಿನಿಂದ ಒಂದೊಂದಾಗಿ ಮೇಲೆ ಬಂದವು. ಎರಡು, ಐದು, ಒಂಬತ್ತು. ಮೈಮೇಲಿನ ಬಿಳಿ ಚುಕ್ಕೆಗಳು ಎಲೆಯ ಬೆಳಕಿನ ಚುಕ್ಕೆಗಳೊಡನೆ ಕಲೆತುಹೋಗಿ, ಯಾವುದು ಜಿಂಕೆ, ಯಾವುದು ನೆರಳು ಅಂತ ತಿಳಿಯದಂತೆ. ಮುಂದಿದ್ದ ಗಂಡು ಕೊಂಬು ಅಲ್ಲಾಡಿಸುತ್ತಾ ದಾಟಿಹೋಯಿತು. ಮಿನಿಗೆ ಬೇಕಾದದ್ದು ಹಿಂದೆ ಒಂಟಿಯಾಗಿದ್ದ ಹೆಣ್ಣು, ಮರಿಯಿಲ್ಲದ್ದು, ದುಂಡಗಿದ್ದದ್ದು. ನಲವತ್ತು ಗಜ. ಮೂವತ್ತು. ಅದು ಮೂಗು ಎತ್ತಿತು. ಮಿನಿ ಉಸಿರು ಹಿಡಿದಳು. ಅದು ಮತ್ತೆ ಹುಲ್ಲಿಗೆ ಬಾಗಿತು. ಇಪ್ಪತ್ತಮೂರು ಗಜ. ಅಡ್ಡವಾಗಿ ನಿಂತಿತು.

ಅವಳು ಎಳೆದಳು. ಭಾರ ತೋಳಿಗೆ ಬಂತು, ಬೆನ್ನಿಗೆ ಬಂತು, ಗಾಲಿಗಳು ಹೊರಳಿದವು, ಭಾರ ಇಳಿಯಿತು. ಮರದಲ್ಲಿ ಗಾಳಿ ಒಮ್ಮೆ ಜೋರಾಗಿ ಬೀಸಿತು. ಅವಳು ತಡೆದಳು. ತೋಳು ಉರಿಯತೊಡಗಿತು. ಒಂದೇ ಬಾಣ, ಅಂದಿತು ಮನಸ್ಸು. ಒಂದು ಗರಿಗೆ ಕಾಯುವಷ್ಟು ಹೊತ್ತು ಕಾಯೋಣ ಅಂತ ಅವಳು ಪ್ರಾರ್ಥನೆ ಶುರುಮಾಡಿದಳು. ಅರ್ಧ ಮುಗಿದಿರಲಿಲ್ಲ, ಗಾಳಿ ತಗ್ಗಿತು.

ಬಿಟ್ಟಳು.

ಟಕ್. ಜಿಂಕೆ ತಲೆ ಎತ್ತಿತು. ಕಿವಿ ಎರಡೂ ಈ ಕಡೆ ತಿರುಗಿದವು. ಈಗ ಕುಸಿಯುತ್ತದೆ, ಈಗ ಕುಸಿಯುತ್ತದೆ! ಜಿಂಕೆ ಕುಸಿಯಲಿಲ್ಲ. ಕೇಳುತ್ತಾ ನಿಂತಿತ್ತು. ಕೇಳಲು ಏನೂ ಇರಲಿಲ್ಲ. ಬಿಳಿಯದೊಂದು ಗೆರೆ ಅದರ ಭುಜದ ಹಿಂದೆ ಮಿಂಚಿ, ಮೈ ತೂರಿ, ಆಚೆ ಬದಿಯ ಮಣ್ಣಿಗೆ ಹೋಗಿ ನಾಟಿತು. ಜಿಂಕೆ ಹಾರಿತು, ಓಡಿತು, ನಲವತ್ತು ಹೆಜ್ಜೆ, ಐವತ್ತು ಹೆಜ್ಜೆ. ಮುಂಗಾಲು ಮಡಿಚಿತು, ಬಿತ್ತು. ಮತ್ತೆ ಏಳಲಿಲ್ಲ.

"ಬಿತ್ತು," ಅಂದ ಬಾಲ್ಡೊ, ಬಾಯಿ ತುಂಬ ಅನ್ನ ಇಟ್ಟುಕೊಂಡು. ಆಮೇಲೆ ಅನ್ನ ನುಂಗಿ ಜೋರಾಗಿ ಕೂಗಿದ. "ಬಿತ್ತು ಮಿನಿ! ಬಿಲ್ಲು ಟಕ್ ಅಂದಿದ್ದು ಕೇಳಿಸ್ತು ನಂಗೆ. ಆಮೇಲೆ ಬಾಣ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗ್ಲಿಲ್ಲ ಕಣಮ್ಮ! ನನ್ ಆಣೆ!"

ಮಿನಿ ಕೂತಲ್ಲೇ ನಗುತ್ತಿದ್ದಳು, ಅಳುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ನಡೆದುಹೋದರು. ಅವಳು ಜಿಂಕೆಯ ಪಕ್ಕ ಮಂಡಿಯೂರಿ ಅದರ ಕುತ್ತಿಗೆಯ ಮೇಲೆ ಕೈ ಇಟ್ಟಳು. ಇನ್ನೂ ಬೆಚ್ಚಗಿತ್ತು. ಕೊಟ್ಟವನಿಗೆ ವಂದನೆ ಹೇಳಿದಳು, ಜಿಂಕೆಗೂ ಹೇಳಿದಳು. ಬಾಲ್ಡೊ ಟೋಪಿ ತೆಗೆದು ನಿಂತಿದ್ದ. ಬರುವಾಗ ಗುಡ್ಡದ ತುದಿಯಲ್ಲಿ ಫೋನಿಗೆ ಸಿಗ್ನಲ್ ಸಿಕ್ಕಿತು. ಮೊದಲ ಗಂಟೆಗೇ ಮೋಸೆ ಎತ್ತಿದ; ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದನೇನೋ. ಹಲೋ ಅನ್ನಲಿಲ್ಲ, ಸಿಕ್ಕಿತಾ ಅಂತಲೂ ಕೇಳಲಿಲ್ಲ.

"ಬಾಣ ಏನಂತು?"

"ಏನೂ ಅನ್ಲಿಲ್ಲ ಮೋಸೆ."

ಆ ಕಡೆಯಿಂದ ಬಂದ ಕೂಗಿಗೆ ಬಾಲ್ಡೊ ಕೂಡ ಹಿಂದೆ ಸರಿದ. ಅದರ ಬೆನ್ನಿಗೇ "ಅಯ್ಯೋ ಭುಜ" ಅನ್ನುವುದೂ ಕೇಳಿಸಿತು.

ಮನೆಯ ಮುಂದೆ ಟ್ರಕ್ಕು ನಿಂತಾಗ ಎಲ್ಲರೂ ಓಡಿಬಂದರು. ಪಿಲಿ ಮಗುವನ್ನು ಎತ್ತಿಕೊಂಡು ಬಂದಳು. ಮಗು ಜಿಂಕೆಯ ಕಿವಿ ಹಿಡಿದು ಎಳೆಯಿತು. ಮೋಸೆ ಒಂದೇ ಕೈಯಲ್ಲಿ ಹೆಂಡತಿಯನ್ನು ತಬ್ಬಿಕೊಂಡು, ಜಿಂಕೆಗೆ 'ಇಲ್ಲಿ' ಹೊಡೆಯಬೇಕಿತ್ತು, 'ಅಲ್ಲಿ' ಹೊಡೆಯಬೇಕಿತ್ತು ಅಂತ ಶುರುಮಾಡಿ, ಗಾಯ ನೋಡಿ, ಸುಮ್ಮನಾಗಿ, "ಅಲ್ಲೇ ಹೊಡ್ದಿದೀಯಲ್ಲೇ," ಅಂದ.

ಟೂಟೂ ಎಲ್ಲರಿಗಿಂತ ಕೊನೆಗೆ ಊರುಗೋಲು ಊರುತ್ತಾ ಬಂದಳು. ಜಿಂಕೆಯ ಕಡೆ ನೋಡಲಿಲ್ಲ.

"ಬಾಣ ಎಲ್ಲಿ?"

ಮಿನಿ ಬತ್ತಳಿಕೆಯಿಂದ ತೆಗೆದು ಕೊಟ್ಟಳು. ಬಿಳಿ ಗರಿಗಳು ಈಗ ಬಿಳಿಯಾಗಿರಲಿಲ್ಲ. ಒಂದು ಬದಿ ಕೆಂಪು ಮಣ್ಣು, ಒಂದು ಬದಿ ಒಣಗಿದ ರಕ್ತ. ಟೂಟೂ ಅದನ್ನು ಕಣ್ಣಿನ ಹತ್ತಿರ ಹಿಡಿದು, ಅರುವತ್ತು ವರ್ಷ ಗರಿ ಸವರಿದ ಹೆಬ್ಬೆರಳನ್ನು ಮೊದಲ ಗರಿಯ ಅಂಚಿಗಿಟ್ಟು ಒತ್ತಿದಳು. ಎರಡನೆಯದನ್ನು ಒತ್ತಿದಳು. ಮೂರನೆಯದನ್ನು. ನಾಲ್ಕನೆಯದನ್ನು ಎರಡು ಸಲ ಒತ್ತಿದಳು.

"ಬಿಟ್ಟಿಲ್ಲ," ಅಂದಳು.

"ಬಿಟ್ಟಿಲ್ಲ ಟೂಟೂ."

ಆಗ ಟೂಟೂ ನಕ್ಕಳು; ನಿನ್ನೆ ನಗದೆ ಉಳಿಸಿಕೊಂಡಿದ್ದನ್ನೆಲ್ಲ ಸೇರಿಸಿ, ಹಲ್ಲಿಲ್ಲದ ಬಾಯಿ ತೆರೆದು, ಊರುಗೋಲಿಗೆ ಒರಗಿಕೊಂಡು ನಕ್ಕಳು. ಬಾಣವನ್ನು ಗೋಡೆಗೆ ತೂಗುಹಾಕೋಣ ಅಂದ ಮೋಸೆ. ಬೇಡ ಅಂದಳು ಮಿನಿ. ತೊಟ್ಟಿಯ ಹತ್ತಿರ ಹೋಗಿ ಸಿಹಿ ನೀರಿನಲ್ಲಿ ಅದನ್ನು ತೊಳೆದು, ಗರಿಗಳನ್ನು ಒಂದೊಂದಾಗಿ ಒರೆಸಿ, ಮತ್ತೆ ಬತ್ತಳಿಕೆಗೆ ಇಟ್ಟಳು. ಆಮೇಲೆ ಅಂಗಿಯ ತೋಳು ಮಡಿಚಿ ದೊಡ್ಡ ಚಾಕು ಕೈಗೆತ್ತಿಕೊಂಡು, ನಾಳೆ ಇನ್ನೂರು ಜನ, ಯಾರು ಈರುಳ್ಳಿ ಹೆಚ್ಚುವವರು ಬನ್ನಿ ಅಂತ ಕೂಗಿದಳು.